ಬಣ್ಣ ನೋಡಿ

ಬುಧವಾರ ಡ್ರೈವರಿಗೆ ವಾರದ ರಜೆ. ಆ ಒಂದು ದಿನ ಅವನು ಬಸ್ಸಿನಲ್ಲಿ ಪ್ರಯಾಣಿಕನಾಗಿ ಕೂರುತ್ತಿದ್ದ. ಮುಂದಿನ ಸೀಟು ಬೇಡ, ಕಿಟಕಿ ಪಕ್ಕವೂ ಬೇಡ, ಎಲ್ಲಾದರೂ ಹಿಂದೆ, ರಸ್ತೆ ಕಾಣದ ಕಡೆ. ಆದರೂ ಬಸ್ಸು ಓಡಿಸುವವನು ಬ್ರೇಕ್ ಒತ್ತುವ ಮೊದಲೇ ಇವನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಹೆಂಡತಿ ಅವನ ಮೊಣಕಾಲ ಮೇಲೆ ಮೆಲ್ಲಗೆ ತಟ್ಟಿ, "ಇವತ್ತು ಬಿಡಿ, ಅವನೇ ನಿಲ್ಲಿಸ್ತಾನೆ ನೋಡಿ," ಅನ್ನುತ್ತಿದ್ದಳು.

ಅವಳನ್ನು ಬೀದಿಯವರೆಲ್ಲ ಟೈಲರಮ್ಮ ಅಂತಲೇ ಕರೆಯುತ್ತಿದ್ದರು. ತಿಂಗಳಿಗೊಂದು ಬುಧವಾರ ಅವಳಿಗೆ ಪೇಟೆಯಲ್ಲಿ ಕೆಲಸ. ಲೈನಿಂಗ್ ಬಟ್ಟೆ, ಗುಂಡಿ, ಜಿಪ್ಪು, ದಾರದ ಉಂಡೆ. ಚೀಲ ಹೊರೋಕೆ ಗಂಡ ಜೊತೆಗೆ. ಆದರೆ ಚೀಲ ತುಂಬುವುದು ಸಾಯಂಕಾಲಕ್ಕೆ. ಅಲ್ಲಿಯತನಕ ಅವನು ಬಟ್ಟೆ ಅಂಗಡಿಗಳ ಸಾಲಿನ ಕೊನೆಯಲ್ಲಿದ್ದ ಪೇಸ್ಟ್ರಿ ಅಂಗಡಿಯಲ್ಲಿ ಕೂರುತ್ತಿದ್ದ.

ಅದು ಸಣ್ಣ ಅಂಗಡಿ. ಒಳಗೆ ಕಾಲಿಟ್ಟರೆ ಸಾಕು, ಬೆಣ್ಣೆ ಕಾದ ವಾಸನೆ ಹೆಗಲ ಮೇಲೆ ಶಾಲು ಹೊದಿಸಿದ ಹಾಗೆ ಬಂದು ಕೂರುತ್ತಿತ್ತು. ಗಾಜಿನ ಪೆಟ್ಟಿಗೆಯೊಳಗೆ ಪೇಸ್ಟ್ರಿಗಳು ನಿದ್ದೆ ಹೋದ ಊರಿನ ಹಾಗೆ ಸಾಲಾಗಿ ಮಲಗಿರುತ್ತಿದ್ದವು. ಸೇಬು ತುಂಬಿದ್ದು, ಕ್ರೀಮ್ ಸುತ್ತಿದ್ದು, ಮೇಲೆ ಬಾದಾಮಿ ಚೂರು ಅಂಟಿಸಿದ್ದು. ವಾರವೆಲ್ಲ ಜನರನ್ನು ಅಲ್ಲಿಂದ ಇಲ್ಲಿಗೆ ಸಾಗಿಸುವ ಡ್ರೈವರು ಇಲ್ಲಿ ಸುಮ್ಮನೆ ಕುರ್ಚಿಗೆ ಒರಗುತ್ತಿದ್ದ. ಅಂಗಡಿಯವರೊಬ್ಬರು ಅವನ ಹತ್ತಿರ ಬಂದು ಏನು ಬೇಕು ಅಂತ ಕೇಳುತ್ತಿದ್ದರು. ಆ ಒಂದು ಪ್ರಶ್ನೆಗೇ ಅವನ ಅರ್ಧ ಆಯಾಸ ಇಳಿದುಹೋಗುತ್ತಿತ್ತು.

ತಿನ್ನುವುದರಲ್ಲೂ ಅವನದೊಂದು ಕ್ರಮ. ಮೊದಲು ಮೇಲಿನ ಪದರವನ್ನು ಚಮಚದ ತುದಿಯಿಂದ ಎತ್ತಿ ಬೇರೆಯಾಗಿ ತಿನ್ನಬೇಕು, ಅದು ಹಲ್ಲಿಗೆ ಸಿಕ್ಕಿ ಒಣಗಿದ ಎಲೆಯ ಹಾಗೆ ಮುರಿಯಬೇಕು. ಆಮೇಲೆ ಕ್ರೀಮು. ಕೊನೆಗೆ ತಟ್ಟೆಯಲ್ಲಿ ಉದುರಿದ ಪುಡಿಯನ್ನು ಬೆರಳಿನಲ್ಲಿ ಒತ್ತಿ ಒತ್ತಿ. ಆಗ ಅವನಿಗೆ ಡಿಪೋ ಇಲ್ಲ, ಹಾರ್ನ್ ಇಲ್ಲ, ಚಿಲ್ಲರೆಗೆ ಜಗಳಾಡುವವರಿಲ್ಲ.

ಆ ಬುಧವಾರ ಮೋಡ ಕವಿದಿತ್ತು. ಶಾಲೆಯೊಂದರ ಹಾಡಿನ ಟೀಚರ್, ತಮ್ಮ ಮಕ್ಕಳ ತಂಡಕ್ಕೆ ಕಡುನೀಲಿ ಕೋಟುಗಳನ್ನು ಹೊಲಿಯಲು ಟೈಲರಮ್ಮನಿಗೆ ಹೇಳಿದ್ದರು. ಇಷ್ಟು ದೊಡ್ಡ ಕೆಲಸ ಅವಳ ಕೈಗೆ ಹಿಂದೆ ಬಂದಿರಲಿಲ್ಲ. ಬಟ್ಟೆ ಅಂಗಡಿಯವನು ಒಂದು ಥಾನು ಇಳಿಸಿ ಅಳೆದ. ಅದು ಸಾಲಲಿಲ್ಲ. ಒಳಗಿನಿಂದ ಇನ್ನೊಂದು ತಂದ.

"ಇದೂ ಅದೇ ಬಣ್ಣ ತಾನೆ?"

"ಅದೇ ಅಮ್ಮ. ನಿಮಗೆ ಹೇಳಿಕೊಡಬೇಕಾ ನಾವು?" ಅಂದವನು ಫೋನು ಕಿವಿಗಿಟ್ಟುಕೊಂಡು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದ.

ಅವಳು ಎರಡೂ ಬಟ್ಟೆಯನ್ನು ಪಕ್ಕಪಕ್ಕ ಹಿಡಿದಳು. ಕೆಲವು ತಿಂಗಳಿಂದ ಹೀಗೆಯೇ ಆಗುತ್ತಿತ್ತು. ಗಾಢ ಬಣ್ಣಗಳೆಲ್ಲ ಒಂದೇ ಬಾವಿಗೆ ಬಿದ್ದ ಹಾಗೆ ಕಾಣುತ್ತಿದ್ದವು. ನೀಲಿಯೂ ಅಲ್ಲೇ, ಕಪ್ಪೂ ಅಲ್ಲೇ, ಕಂದೂ ಅಲ್ಲೇ. ಎಡಗಡೆ ಯಾರಾದರೂ ನಿಂತರೆ ಅವರು ಮಾತಾಡಿದ ಮೇಲೇ ಗೊತ್ತಾಗುತ್ತಿತ್ತು. ಬಿಸಿಲಿದ್ದ ದಿನ ಬಟ್ಟೆಯನ್ನು ಬಾಗಿಲಿಗೆ ತಂದು ಹೇಗೋ ಸಂಭಾಳಿಸುತ್ತಿದ್ದಳು. ಇವತ್ತು ಬಾಗಿಲಲ್ಲೂ ಬೆಳಕಿಲ್ಲ. ಟೈಲರಮ್ಮ ಅನ್ನಿಸಿಕೊಂಡವಳು ಇನ್ನೊಬ್ಬ ಗಿರಾಕಿಯನ್ನು ಕರೆದು, ಇದು ಯಾವ ಬಣ್ಣ ಹೇಳಿ ಅನ್ನೋದು ಹೇಗೆ? ಮಾತು ಬೀದಿಗೆ ಬಂದರೆ ನಾಳೆ ಯಾರು ಬಟ್ಟೆ ಕೊಡುತ್ತಾರೆ?

ಅವಳು ಸಾಲಿನ ಕೊನೆಯತನಕ ನಡೆದು ಹೋದಳು. ಪೇಸ್ಟ್ರಿ ಅಂಗಡಿಯ ಬಾಗಿಲಲ್ಲಿ ನಿಂತಾಗ ಗಂಡನ ಮುಂದೆ ಎರಡನೇ ತಟ್ಟೆ ಆಗತಾನೇ ಬಂದಿತ್ತು.

"ರೀ, ಒಂದ್ನಿಮಿಷ ಬನ್ನಿ. ಬಣ್ಣ ನೋಡಿ."

ಇಲ್ಲೊಂದು ಮಾತು ಹೇಳಬೇಕು. ಟೈಲರಮ್ಮನ ಮಾತು 'ನೋಡಿ' ಇಲ್ಲದೆ ಮುಗಿಯುತ್ತಿರಲಿಲ್ಲ. ಉಪ್ಪು ತೀರಿದೆ ನೋಡಿ. ನಿಮ್ಮಮ್ಮಂಗೆ ಕೆಮ್ಮು ನೋಡಿ. ನನಗೂ ಸಾಕಾಯ್ತು ನೋಡಿ. ಮದುವೆಯಾದ ಹೊಸದರಲ್ಲಿ ಡ್ರೈವರು ಪ್ರತಿ ಸಲವೂ ತಲೆಯೆತ್ತಿ ಅತ್ತ ಇತ್ತ ನೋಡುತ್ತಿದ್ದ, ಅವಳು ನಗುತ್ತಿದ್ದಳು. ಆಮೇಲೆ ಅವನ ಕಿವಿ ಆ ಪದವನ್ನು ಕೇಳುವುದನ್ನೇ ಬಿಟ್ಟಿತ್ತು. "ಇವಳ ಮಾತನ್ನ ಜರಡಿ ಹಿಡಿದರೆ ಅರ್ಧಕ್ಕರ್ಧ ನೋಡಿಯೇ ಉದುರುತ್ತೆ," ಅಂತ ಅವನ ಅಮ್ಮ ಹೇಳುತ್ತಿದ್ದರು.

"ನಿನಗಿಂತ ನನಗೆ ಗೊತ್ತೇನೇ ಬಣ್ಣ?" ಅಂದ ಡ್ರೈವರು. "ನಿನಗೆ ಚೆನ್ನಾಗಿದೆ ಅನ್ನಿಸಿದ್ದು ತಗೋ."

"ಹಂಗಲ್ಲ. ಎರಡು ಥಾನು ಇದೆ. ಬಂದು ನೋಡಿ."

"ಬಂದು ನೋಡಿ, ನಿಂತು ನೋಡಿ. ಎರಡೂ ತಗೋ, ಅದಕ್ಕೇನಂತೆ. ಬಾ, ಕೂತ್ಕೋ, ಒಂದು ತುಂಡು ತಿನ್ನು. ಇವತ್ತಿಂದು ಬಾದಾಮಿದು, ಬಾಯಲ್ಲಿ ಇಟ್ಟರೆ ಕರಗುತ್ತೆ."

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. "ಬೇಡ. ಕೈಗೆ ಜಿಡ್ಡಾದ್ರೆ ಬಟ್ಟೆ ಮುಟ್ಟೋಕಾಗಲ್ಲ," ಅಂದು ತಿರುಗಿ ಹೋದಳು. ಹೋಗುವಾಗ ಅವಳ ಎಡಭುಜ ಬಾಗಿಲ ಚೌಕಟ್ಟಿಗೆ ತಗಲಿತು. ಡ್ರೈವರು ಆಗ ಮೇಲಿನ ಪದರ ಎತ್ತುತ್ತಿದ್ದ.

ಮನೆಗೆ ಬಂದಾಗ ಕತ್ತಲು. ಅವನ ಅಮ್ಮ, ಮಗಳ ಅಜ್ಜಿ, ಆಲೂಗಡ್ಡೆ ಬೇಯಿಸಿ, ಬ್ರೆಡ್ಡು ಹೆಚ್ಚಿಟ್ಟು ಕಾಯುತ್ತಿದ್ದರು. ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಆಗಲೇ ಊಟಕ್ಕೆ ಕೂತಿದ್ದಳು.

"ಎಷ್ಟು ಬಡಿಸಲೋ?" ಅಂದರು ಅಜ್ಜಿ.

"ಸ್ವಲ್ಪ ಸಾಕಮ್ಮ. ಹಸಿವಿಲ್ಲ."

"ಹಸಿವು ಎಲ್ಲಿಂದ ಬರಬೇಕು. ಮೀಸೆ ಮೇಲೆ ಸಕ್ಕರೆ ಪುಡಿ ಇಟ್ಟುಕೊಂಡು ಬಂದಿದ್ದೀಯ."

ಮಗಳು ಕೆಮ್ಮಿ ನಗು ಮುಚ್ಚಿಕೊಂಡಳು. ಡ್ರೈವರು ಮೀಸೆ ಒರೆಸಿಕೊಂಡ. "ಧೂಳು ಕಣಮ್ಮ."

"ಧೂಳು ಸಿಹಿಯಾಗಿರುತ್ತಾ? ನೆಕ್ಕಿ ನೋಡು."

"ಅಪ್ಪ, ನಮಗೂ ಒಂದು ತರಬಾರದಾ?" ಅಂದಳು ಮಗಳು.

"ಬಸ್ಸಲ್ಲಿ ಕ್ರೀಮು ಕರಗಿಹೋಗುತ್ತೆ ಪುಟ್ಟಿ."

"ನಿಮ್ಮ ಹೊಟ್ಟೇಲಿ ಕರಗದೇ ಬಂತಲ್ಲ."

ಎಲ್ಲರೂ ನಕ್ಕರು, ಟೈಲರಮ್ಮ ಬಿಟ್ಟು. ಅವಳು ಮೂಲೆಯಲ್ಲಿ ಚೀಲ ಬಿಚ್ಚಿ ಬಟ್ಟೆಯನ್ನು ಕೈಯಿಂದ ಸವರುತ್ತಿದ್ದಳು. ನೇಯ್ಗೆ ಎರಡರದೂ ಒಂದೇ. ಬೆರಳು ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಮುಂದಿನ ದಿನಗಳಲ್ಲಿ ಮನೆ ತುಂಬ ಹೊಲಿಗೆ ಯಂತ್ರದ ಸದ್ದು. ಬೆಳಗ್ಗೆ ಗಂಡ ಡ್ಯೂಟಿಗೆ ಹೊರಟ ಕೂಡಲೇ ಅವಳು ಕಿಟಕಿ ಪಕ್ಕ ಕೂರುತ್ತಿದ್ದಳು, ಬಿಸಿಲು ಇಳಿದ ಕೂಡಲೇ ಎದ್ದುಬಿಡುತ್ತಿದ್ದಳು. ಸೂಜಿಗೆ ದಾರ ಪೋಣಿಸುವುದನ್ನು ಮಗಳಿಗೆ ಬಿಟ್ಟಿದ್ದಳು. ಕೆಲಸಕ್ಕೆ ಹೋಗುವ ಮುಂಚೆ ಮಗಳು ಸೂಜಿಗಳಿಗೆಲ್ಲ ದಾರ ಪೋಣಿಸಿ ಮೆತ್ತೆಗೆ ಚುಚ್ಚಿಡಬೇಕು.

"ಅಮ್ಮ, ಒಂದು ಕನ್ನಡಕ ಮಾಡಿಸ್ಕೋಬಾರದಾ?"

"ಕೆಲಸ ಮುಗೀಲಿ ತಡಿ."

"ನಿನ್ನ ಕೆಲಸ ಯಾವತ್ತು ಮುಗಿದಿದೆ?"

"ನೀನು ಮದುವೆಯಾಗಿ ಹೋದ ದಿನ ಮುಗಿಯುತ್ತೆ ನೋಡು. ಹೊರಡು, ನಿನ್ನ ಗಿರಾಕಿಗಳು ಬರಿಗಾಲಲ್ಲಿ ನಿಂತಿರ್ತಾರೆ."

ಜಗಳ ಆಗಿದ್ದು ದಾರದ ಡಬ್ಬದಿಂದ. ಅಜ್ಜಿಗೆ ಕೈ ಸುಮ್ಮನಿರದು. ಒಂದು ಮಧ್ಯಾಹ್ನ ಸೊಸೆ ನೀರು ಹಿಡಿಯಲು ಹೋಗಿದ್ದಾಗ ಬಿಸ್ಕತ್ತಿನ ಹಳೆ ಡಬ್ಬ ತೆಗೆದು, ದಾರದ ಉಂಡೆಗಳನ್ನೆಲ್ಲ ಹೊರಗೆ ಸುರಿದು, ಧೂಳು ಒರೆಸಿ, ಮತ್ತೆ ಜೋಡಿಸಿಟ್ಟರು. ಟೈಲರಮ್ಮ ಬಂದು ಕೂತವಳು ಡಬ್ಬದೊಳಗೆ ಕೈಯಿಟ್ಟು ತಡಕಾಡಿದಳು.

"ಇದನ್ನ ಯಾರು ಮುಟ್ಟಿದ್ದು?"

"ನಾನೇ. ಕಾಗೆ ಗೂಡಿನ ಥರ ಇತ್ತು. ಬಿಳಿಯಿಂದ ಶುರು ಮಾಡಿ ಕಪ್ಪಿನ ತನಕ ಇಟ್ಟಿದ್ದೀನಿ. ಅಂಗಡೀಲೂ ಇಷ್ಟು ಚಂದ ಇರಲ್ಲ."

"ನಿಮಗೆ ಯಾರು ಹೇಳಿದ್ರು ಅತ್ತೆ?"

"ಧೂಳು ಒರೆಸೋಕೂ ನಿನ್ನ ಅಪ್ಪಣೆ ಬೇಕಾ?"

"ನನ್ನ ಡಬ್ಬ ಮುಟ್ಟೋಕೆ ಬೇಕು. ಇಷ್ಟು ವರ್ಷ ನಿಮ್ಮ ಅಡುಗೆ ಡಬ್ಬಗಳಲ್ಲಿ ಒಂದನ್ನ ನಾನು ಆಚೆ ಈಚೆ ಇಟ್ಟಿದ್ದೀನಾ? ಒಂದೇ ಒಂದನ್ನ?"

"ಅಯ್ಯೋ, ದಾರಕ್ಕೆ ಇಷ್ಟು ರಂಪ ಮಾಡೋದನ್ನ ನಾನು ಹುಟ್ಟಿದಾಗಿನಿಂದ ನೋಡಿಲ್ಲಮ್ಮ," ಅಂದ ಅಜ್ಜಿ ಆ ದಿನ ರಾತ್ರಿ ಊಟ ಮುಟ್ಟಲಿಲ್ಲ. ಮಗ ಬಂದು ಕರೆದ, ಬರಲಿಲ್ಲ. ಮೊಮ್ಮಗಳು ಮೊಟ್ಟೆ ಬೇಯಿಸಿ ಒಯ್ದಳು, ಅದನ್ನು ಮಾತ್ರ ಗೋಡೆಯ ಕಡೆ ತಿರುಗಿಕೊಂಡು ತಿಂದರು.

ಮಗಳು ಡಬ್ಬ ಮಡಿಲಲ್ಲಿಟ್ಟುಕೊಂಡು ಅಮ್ಮ ಹೇಳಿದ ಹಾಗೆ ಮತ್ತೆ ಜೋಡಿಸಿದಳು. ಕಪ್ಪು ಎಡಗಡೆ ಮೂಲೆ, ಅದರ ಪಕ್ಕ ಖಾಲಿ ಉಂಡೆ, ಆಮೇಲೆ ನೀಲಿ, ಆಮೇಲೆ ಕಂದು.

"ಖಾಲಿ ಉಂಡೆ ಯಾಕಮ್ಮ ಮಧ್ಯೆ?"

"ಇರಲಿ."

"ಬಣ್ಣ ಕಣ್ಣಿಗೆ ಕಾಣೋದಿಲ್ವಾ? ಎಲ್ಲಿದ್ರೇನು?"

ಅಮ್ಮ ಡಬ್ಬದ ಮುಚ್ಚಳ ಒತ್ತಿದಳು. ಮಗಳಿಗೆ ನಿದ್ದೆ ಬರುತ್ತಿತ್ತು, ಮತ್ತೆ ಕೇಳಲಿಲ್ಲ.

ಕೋಟುಗಳು ತಯಾರಾದ ದಿನ ಹಾಡಿನ ಟೀಚರ್ ಬಂದರು. ಒಳ್ಳೆ ಬಿಸಿಲಿತ್ತು. ಅಜ್ಜಿ ಟೀ ತಂದಿಟ್ಟರು. ಟೀಚರ್ ಒಂದು ಕೋಟು ಎತ್ತಿ ಹೊಲಿಗೆ ನೋಡಿದರು, ಕಾಲರ್ ತಿರುಗಿಸಿದರು, "ಎಷ್ಟು ನೀಟಾಗಿದೆ," ಅಂದರು. ಇನ್ನೊಂದನ್ನು ಎತ್ತಿ ಕಿಟಕಿಯ ಹತ್ತಿರ ಒಯ್ದರು. ಆಮೇಲೆ ಟೀ ಲೋಟ ಕೆಳಗಿಟ್ಟು ಉಳಿದವನ್ನೆಲ್ಲ ಒಂದೊಂದಾಗಿ ಬೇರೆ ಮಾಡತೊಡಗಿದರು.

"ಇದೇನಮ್ಮ? ಇವು ಕಪ್ಪು."

ಟೈಲರಮ್ಮ ಒಂದು ಕೋಟಿನ ತೋಳನ್ನು ಬೆರಳಿನಿಂದ ಸವರಿದಳು.

"ಅರ್ಧ ನೀಲಿ, ಅರ್ಧ ಕಪ್ಪು. ಇವನ್ನ ಹಾಕಿಸಿ ಮಕ್ಕಳನ್ನ ಹೇಗೆ ನಿಲ್ಲಿಸಲಿ? ನಿಮಗೆ ಗೊತ್ತಾಗಲೇ ಇಲ್ವಾ? ಕೈಯಲ್ಲೇ ಹಿಡಿದು ಹೊಲಿದಿದ್ದೀರಿ."

"ಗೊತ್ತಾಗಲಿಲ್ಲ," ಅಂದಳು ಅವಳು.

ಟೀಚರ್ ಕೆಟ್ಟವರಲ್ಲ. ಸ್ವಲ್ಪ ಹೊತ್ತು ಕೂತರು, ನೀಲಿ ಕೋಟುಗಳನ್ನು ಮಾತ್ರ ತೆಗೆದುಕೊಂಡರು. ಉಳಿದ ಮಕ್ಕಳದ್ದನ್ನು ಬೇರೆ ಕಡೆ ಹೊಲಿಸುತ್ತೇನೆ, ಸಮಯ ಇಲ್ಲ, ಬೇಜಾರು ಮಾಡ್ಕೋಬೇಡಿ ಅಂದರು. ಅವರು ಹೋದ ಮೇಲೆ ಮಂಚದ ತುಂಬ ಕಪ್ಪು ಕೋಟುಗಳು ಕೈ ಚಾಚಿ ಬಿದ್ದಿದ್ದವು.

ಸಂಜೆ ಡ್ರೈವರು ಬಂದಾಗ ಅಜ್ಜಿ ಬಾಗಿಲಲ್ಲೇ ಎಲ್ಲ ಹೇಳಿದರು. ಅವನು ಚಪ್ಪಲಿ ಬಿಡದೆ ಒಳಗೆ ಬಂದ.

"ತಗೊಳ್ಳೋವಾಗ ಸರಿಯಾಗಿ ನೋಡಬಾರದಿತ್ತಾ? ಇಷ್ಟು ದಿನದ ದುಡಿಮೆ ನೀರುಪಾಲಾಯ್ತಲ್ಲ."

"ನಿಮ್ಮನ್ನ ಕರೆದೆ."

"ಯಾವಾಗ ಕರೆದೆ?"

"ಅಂಗಡಿಗೆ ಬಂದು ಕರೆದೆ. ಬಣ್ಣ ನೋಡಿ ಅಂದೆ."

"ನೀನು ಎಲ್ಲದಕ್ಕೂ ನೋಡಿ ಅಂತೀಯ," ಅಂದ ಡ್ರೈವರು. "ಅನ್ನ ಆಗಿದೆ ನೋಡಿ, ಮಳೆ ಬಂತು ನೋಡಿ. ಅದರಲ್ಲಿ ಯಾವುದು ನೋಡೋದು, ಯಾವುದು ಬಿಡೋದು ಅಂತ ನನಗೆ ಹೇಗೆ ಗೊತ್ತಾಗಬೇಕು?"

"ಎರಡು ಸಲ ಅಂದೆ ರೀ. ನಾನು ಎರಡು ಸಲ ಯಾವತ್ತಾದ್ರೂ ಅಂದಿದ್ದೀನಾ?"

ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಚರ್ ಅಂದಿತು, ಅಜ್ಜಿ ಕೂಡ ಎದ್ದು ಹೋಗಲಿಲ್ಲ.

"ನನಗೆ ಕಾಣಿಸ್ತಿಲ್ಲ," ಅಂದಳು ಟೈಲರಮ್ಮ. ಯಾರದೋ ವಿಷಯ ಹೇಳುವ ಹಾಗೆ ಮೆಲ್ಲಗೆ ಹೇಳಿದಳು. "ನೀಲಿ ಯಾವುದು, ಕಪ್ಪು ಯಾವುದು, ಕಾಣಿಸ್ತಿಲ್ಲ. ಎಡಗಣ್ಣಲ್ಲಿ ಬೆಳಕು ಬಿಟ್ಟರೆ ಇನ್ನೇನೂ ಇಲ್ಲ. ದಾರ ನಾನು ಜಾಗದಲ್ಲಿ ಗುರುತು ಇಟ್ಕೊಂಡಿದ್ದೆ ಅತ್ತೆ, ಬಣ್ಣದಲ್ಲಿ ಅಲ್ಲ."

ಅಜ್ಜಿ ಬಾಯಿಗೆ ಸೆರಗು ಹಿಡಿದರು. ಮಗಳು ಓಡಿ ಬಂದು ಅಮ್ಮನ ಕೈ ಹಿಡಿದುಕೊಂಡಳು. ಡ್ರೈವರು ಮಾತ್ರ ನಿಂತಲ್ಲೇ ಇದ್ದ. ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು, ಅದನ್ನು ಎಲ್ಲಿ ಬಿಡಬೇಕು ಅನ್ನುವುದು ಅವನಿಗೆ ಮರೆತ ಹಾಗಿತ್ತು.

ಕಣ್ಣಾಸ್ಪತ್ರೆಯಲ್ಲಿ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕತ್ತಲ ಕೋಣೆಯಲ್ಲಿ ತುಂಬ ಹೊತ್ತು ಬೆಳಕು ಬಿಟ್ಟು ಪರೀಕ್ಷೆ ಮಾಡಿದರು. ಆಮೇಲೆ ಗಂಡನನ್ನೂ ಒಳಗೆ ಕರೆದರು.

"ಕಣ್ಣೊಳಗಿನ ಒತ್ತಡ ಜಾಸ್ತಿಯಾಗಿ ನರಕ್ಕೆ ಪೆಟ್ಟು ಬಿದ್ದಿದೆ. ಎಡಗಣ್ಣಲ್ಲಿ ಹೋಗಿದ್ದು ಹೋಯ್ತು. ಬಲಗಣ್ಣಲ್ಲಿ ಇರೋದನ್ನ ಉಳಿಸ್ಕೊಳ್ಳೋಣ. ಬೆಳಗ್ಗೆ ಸಂಜೆ ಹನಿ ಬಿಡಬೇಕು, ತಪ್ಪಿಸಬಾರದು. ತಿಂಗಳಿಗೊಂದು ಸಲ ಬಂದು ತೋರಿಸಬೇಕು."

"ಕನ್ನಡಕ ಹಾಕಿದ್ರೆ?" ಅಂದ ಡ್ರೈವರು.

"ಇದು ಕನ್ನಡಕದಿಂದ ಸರಿಹೋಗೋದಲ್ಲ."

"ಆಪರೇಶನ್?"

"ಅದೂ ಇರೋದನ್ನ ಉಳಿಸೋಕೆ. ಹೋಗಿರೋದನ್ನ ತರೋಕಲ್ಲ. ಕಳೆದ ವರ್ಷ ಬಂದಿದ್ರೆ ಇಷ್ಟಾಗ್ತಿರಲಿಲ್ಲ. ಮನೆಯಲ್ಲಿ ಯಾರೂ ಗಮನಿಸಲಿಲ್ವಾ?"

"ಅವರಿಗೆ ಗೊತ್ತಿರಲಿಲ್ಲ," ಅಂದಳು ಟೈಲರಮ್ಮ ತಕ್ಷಣ. "ನಾನೇ ಹೇಳಿರಲಿಲ್ಲ ನೋಡಿ."

ಡ್ರೈವರಿಗೆ ಡಿಪೋದ ಡಾಕ್ಟರು ನೆನಪಾದರು. ವರ್ಷಕ್ಕೊಂದು ಸಲ ಅವನನ್ನು ನಿಲ್ಲಿಸಿ, ಒಂದು ಕಣ್ಣು ಮುಚ್ಚಿಸಿ ಅಕ್ಷರ ಓದಿಸಿ, ಬಣ್ಣದ ಚುಕ್ಕೆ ತೋರಿಸಿ, ಸರಿ ಹೋಗು ಅನ್ನುತ್ತಿದ್ದರು. ಪ್ರತಿ ವರ್ಷ ಮನೆಗೆ ಬಂದು, "ನನ್ನ ಕಣ್ಣು ಹದ್ದಿನ ಕಣ್ಣು ಅಂದ್ರು ಕಣೇ," ಅಂತ ಹೇಳಿಕೊಳ್ಳುತ್ತಿದ್ದ. ಅವಳು ಯಂತ್ರ ನಿಲ್ಲಿಸದೆ, "ಒಳ್ಳೇದಾಯ್ತು ಬಿಡಿ," ಅನ್ನುತ್ತಿದ್ದಳು.

ವಾಪಸು ಬರುವ ಬಸ್ಸಿನಲ್ಲಿ ಅವನು ಕೇಳಿದ. "ಯಾವಾಗಿಂದ?"

"ಸರಿಯಾಗಿ ಗೊತ್ತಿಲ್ಲ. ಕೆಂಪು ಗುಂಡಿ ಅಂತ ಕಂದು ತಂದಿದ್ದೆನಲ್ಲ, ವಾಪಸು ಕೊಡೋಕೆ ಹೋದಾಗ ಅಂಗಡಿಯವನು ಬೈದಿದ್ದ. ಆ ಹೊತ್ತಿಗೆ ಶುರುವಾಗಿತ್ತೇನೋ."

ಆವತ್ತು ಸೇಬಿನದು ತಿಂದಿದ್ದ ಅವನು. ಬಿಸಿಯಾಗಿತ್ತು, ಮೇಲೆ ದಾಲ್ಚಿನ್ನಿ ಉದುರಿಸಿದ್ದರು.

"ಆಮೇಲೆ ಮೆಟ್ಟಿಲ ಹತ್ತಿರ ಎಡವಿದ್ದೆ. ಮೊಣಕಾಲು ತರಚಿತ್ತು."

ಆವತ್ತು ಕ್ರೀಮ್ ರೋಲು. ಅವಳು ಕುಂಟುತ್ತಾ ಬಂದಾಗ ಚಪ್ಪಲಿ ಬದಲಾಯಿಸು, ಮಗಳ ಅಂಗಡೀಲಿ ಹೊಸದು ಬಂದಿದೆ ಅಂದಿದ್ದ.

"ಜಿಪ್ಪಿನ ಅಂಗಡೀಲಿ ಯಾರದೋ ಕೈ ಹಿಡ್ಕೊಂಡು, ನೀವು ಅಂದ್ಕೊಂಡು, ಸಾಲಿನ ಅರ್ಧದ ತನಕ ಮಾತಾಡ್ಕೊಂಡು ಹೋಗಿಬಿಟ್ಟಿದ್ದೆ. ಆ ಮನುಷ್ಯ ಪಾಪ ಸುಮ್ಮನೆ ಬಂದ ನೋಡಿ." ಅವಳು ನಕ್ಕಳು.

ಅವನಿಗೆ ನಗು ಬರಲಿಲ್ಲ. ಅವಳು ಹೇಳಿದ ಒಂದೊಂದು ದಿನವೂ ಅವನಿಗೆ ಗೊತ್ತಿತ್ತು. ಯಾವ ತಟ್ಟೆ, ಯಾವ ಪದರ, ಎಷ್ಟು ಸಿಹಿ ಅನ್ನುವುದು ಗೊತ್ತಿತ್ತು. ಅವಳು ಆವತ್ತು ಯಾವ ಸೀರೆ ಉಟ್ಟಿದ್ದಳು ಅಂತ ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಆಮೇಲಿನ ವಾರಗಳಲ್ಲಿ ಮನೆಯ ಕೆಲಸಗಳು ಒಂದು ಕೈಯಿಂದ ಇನ್ನೊಂದಕ್ಕೆ ಹೋದವು. ಅಜ್ಜಿ ಕಪ್ಪು ಕೋಟುಗಳನ್ನು ಬಿಚ್ಚಿ ದಿಂಬಿನ ಚೀಲ ಮಾಡಲು ಕೂತರು. "ನನ್ನ ಹೊಲಿಗೆ ನೋಡಿದ್ರೆ ದಿಂಬೇ ಎದ್ದು ಓಡಿಹೋಗುತ್ತೆ," ಅಂತ ತಾವೇ ಹೇಳಿಕೊಂಡು ಸೊಸೆಯನ್ನು ನಗಿಸಲು ನೋಡಿದರು. ಟೈಲರಮ್ಮ ಅಂಚು ಮಡಿಸುವ ಕೆಲಸ ಮಾತ್ರ ಇಟ್ಟುಕೊಂಡಳು, ಅದು ಬೆರಳಿಗೆ ಗೊತ್ತಿತ್ತು. ಬೀದಿಯವರಿಗೆ ಕೆಲವರಿಗೆ ಹೇಳಿದಳು, ಉಳಿದವರಿಗೆ ಅಜ್ಜಿ ಹೇಳಿದರು. ಕೆಲವರು ಬಟ್ಟೆ ವಾಪಸು ತೆಗೆದುಕೊಂಡು ಹೋದರು. ಯಂತ್ರಕ್ಕೆ ಬಟ್ಟೆ ಹೊದಿಸಿದ ದಿನಗಳು ಹೆಚ್ಚಾದವು.

ಡ್ರೈವರು ಡ್ಯೂಟಿ ಮುಗಿಸಿ ಬಂದವನೇ ಪಾತ್ರೆ ತೊಳೆಯುತ್ತಿದ್ದ, ಅವಳು ಎದ್ದರೆ ತಾನೂ ಎದ್ದು ದಾರಿಯಲ್ಲಿದ್ದ ಸ್ಟೂಲು ಎತ್ತಿಡುತ್ತಿದ್ದ. ಅವಳು ಸ್ಟೂಲು ಇದ್ದ ಜಾಗದಲ್ಲಿ ಕೈಯಾಡಿಸಿ ಸಿಗದೆ ನಿಲ್ಲುತ್ತಿದ್ದಳು.

"ಎಲ್ಲಿತ್ತೋ ಅಲ್ಲೇ ಇರಲಿ ಬಿಡಿ. ನನಗೆ ಅದು ಗೊತ್ತು."

"ಎಡವಿಬಿಟ್ಟೀಯ ಅಂತ."

"ನೀವು ಜರುಗಿಸಿದ್ದಕ್ಕೆ ಎಡವ್ತೀನಿ."

ಹನಿ ಹಾಕಲು ಅವನು ಮುಂದೆ ಬಂದರೆ ಗುರಿ ತಪ್ಪಿ ಔಷಧಿ ಕೆನ್ನೆ ಮೇಲೆ ಇಳಿಯುತ್ತಿತ್ತು. "ಅಪ್ಪ, ಬಿಡಿ ಇಲ್ಲಿ," ಅಂತ ಮಗಳು ಶೀಷೆ ಕಿತ್ತುಕೊಳ್ಳುತ್ತಿದ್ದಳು. ಅವಳು ಹಾಕಿದರೆ ಒಂದು ಹನಿಯೂ ಹೊರಗೆ ಬೀಳುತ್ತಿರಲಿಲ್ಲ.

ಪೇಟೆಗೆ ಹೋಗುವ ಬುಧವಾರ ಬಂದಾಗ ಅವನು ಬೆಳಗ್ಗೆಯೇ ಶೇವ್ ಮಾಡಿಕೊಂಡು ಚೀಲ ಹಿಡಿದು ನಿಂತ. "ಇವತ್ತು ನಾನು ಒಳಗೆ ಬರ್ತೀನಿ. ಎಲ್ಲ ಬಣ್ಣ ನಾನೇ ಹೇಳ್ತೀನಿ."

"ಮಗಳು ರಜ ಹಾಕಿದ್ದಾಳೆ. ಅವಳು ಬರ್ತಾಳೆ ಬಿಡಿ."

"ನಾನಿದ್ದೀನಲ್ಲೇ."

"ನಿಮಗೆ ವಾರಕ್ಕೊಂದೇ ರಜೆ. ಮಲಗಿ ಸ್ವಲ್ಪ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಜಗಳಾಡಬಹುದಿತ್ತು. ತಾಯಿ ಮಗಳು ತೋಳಿಗೆ ತೋಳು ಸೇರಿಸಿ ಹೊರಟರು. ಬೀದಿಯ ತಿರುವಿನಲ್ಲಿ ಮಗಳು ಏನೋ ಹೇಳಿದಳು, ಅಮ್ಮ ಅವಳ ಬೆನ್ನಿಗೊಂದು ಗುದ್ದಿದಳು. ಡ್ರೈವರು ಚೀಲ ಗೂಟಕ್ಕೆ ಸಿಕ್ಕಿಸಿ ಒಳಗೆ ಬಂದ.

"ಕೂತ್ಕೋ," ಅಂದರು ಅಜ್ಜಿ. "ಬಟಾಣಿ ಬಿಡಿಸು."

ಅವನು ಬಿಡಿಸಿದ. ತುಂಬ ಹೊತ್ತಾದ ಮೇಲೆ ಕೇಳಿದ, "ನನ್ನ ಮೇಲೆ ಕೋಪಾನಾ ಅಮ್ಮ ಅವಳಿಗೆ?"

"ಕೋಪ ಇದ್ದಿದ್ರೆ ನನ್ನ ಹತ್ರ ಹೇಳೋಳು. ನಾವಿಬ್ರೂ ಈಗ ಚೆನ್ನಾಗಿದ್ದೀವಿ." ಅಜ್ಜಿ ಸಿಪ್ಪೆ ಒಂದು ಕಡೆ ಸರಿಸಿದರು. "ಅವಳಿಗೆ ನಿನ್ನನ್ನ ಕೇಳೋ ಅಭ್ಯಾಸ ತಪ್ಪಿಹೋಗಿದೆ ಕಣೋ. ಅಷ್ಟೇ."

ಆ ತಿಂಗಳು ಆಸ್ಪತ್ರೆಗೆ ಹೋಗುವ ದಿನ ಮಗಳಿಗೆ ರಜೆ ಸಿಗಲಿಲ್ಲ. ಡ್ರೈವರು ತಾನು ರಜೆ ಹಾಕುತ್ತೇನೆ ಅಂದ, ಅವಳು ಬೇಡ ಅಂದಳು. ದಾರಿ ಗೊತ್ತು, ಬಸ್ಸು ಒಂದೇ, ಹೋಗಿ ಬರ್ತೀನಿ ಅಂದಳು. ಅವನು ಮಾರ್ಕೆಟ್ ಲೈನಿನ ಡ್ಯೂಟಿಗೆ ಹೊರಟುಹೋದ. ಡಿಪೋದಲ್ಲಿ ಆವತ್ತು ಇನ್ನೊಬ್ಬ ಡ್ರೈವರಿಗೆ ಜ್ವರ, ಮೇಲಿನವರು ಇವನನ್ನು ಆಸ್ಪತ್ರೆ ಲೈನಿಗೆ ಹಾಕಿದರು.

ಅವಳನ್ನು ಅವನು ದೂರದಿಂದಲೇ ಕಂಡ. ಸ್ಟಾಪಿನ ಕಂಬಕ್ಕೆ ಒಂದು ಕೈ ಕೊಟ್ಟು ನಿಂತಿದ್ದಳು, ಮುಖ ಸ್ವಲ್ಪ ಎಡಕ್ಕೆ ತಿರುಗಿತ್ತು, ಬಲಗಣ್ಣನ್ನು ರಸ್ತೆಗೆ ಕೊಡಲು. ಹಸಿರು ಸೀರೆ. ಬಸ್ಸು ನಿಂತಿತು. ಅವಳು ಮುಂದಿನ ಬಾಗಿಲಲ್ಲಿ ಕಾಲಿನಿಂದ ಮೆಟ್ಟಿಲು ಹುಡುಕಿ ಹತ್ತಿ, ಅವನ ಕಡೆಯೇ ನೋಡಿ ಕೇಳಿದಳು.

"ಕಣ್ಣಾಸ್ಪತ್ರೆಗೆ ಹೋಗುತ್ತಾ?"

ಬಿಸಿಲು ಅವನ ಬೆನ್ನ ಹಿಂದಿನ ಗಾಜಿನಿಂದ ಬರುತ್ತಿತ್ತು. ಅವಳ ಕಣ್ಣು ಅವನ ಮುಖದ ಮೇಲೆ ಬಂದು, ಅಲ್ಲಿ ಯಾರೂ ಇಲ್ಲದ ಹಾಗೆ ಸರಿದುಹೋಯಿತು. ಅವನು ಬಾಯಿ ತೆರೆದ. ಆಗ ಅವನಿಗೆ ಹೊಳೆಯಿತು, ಈಗ ಮಾತಾಡಿದರೆ ತನಗೆ ಗಂಡನ ಗುರುತು ಸಿಗಲಿಲ್ಲ ಅನ್ನುವುದು ಅವಳಿಗೆ ತಿಳಿಯುತ್ತದೆ. ಬಸ್ಸಿನ ತುಂಬ ಜನರ ಎದುರಿಗೆ ತಿಳಿಯುತ್ತದೆ. ಅವನು ಬಾಯಿ ಮುಚ್ಚಿಕೊಂಡ.

"ಹೋಗುತ್ತೆ ಬನ್ನಿ," ಅಂದರು ಮುಂದಿನ ಸೀಟಿನ ವಯಸ್ಸಾದ ಹೆಂಗಸೊಬ್ಬರು. ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಅದು ಅವನ ಬೆನ್ನಿಗೇ ಇದ್ದ ಸೀಟು.

"ಒಬ್ಬರೇ ಬಂದ್ರಾ? ಮನೇಲಿ ಯಾರೂ ಇಲ್ವಾ?"

"ಎಲ್ಲ ಇದಾರೆ. ಮಗಳಿಗೆ ಕೆಲಸ. ನಮ್ಮನೆಯವರು ಬರ್ತೀನಿ ಅಂದ್ರು, ನಾನೇ ಬೇಡ ಅಂದೆ."

"ಯಾಕಮ್ಮ?"

"ಬಂದ್ರೆ ಮುಖ ಸಣ್ಣಗೆ ಮಾಡ್ಕೊಂಡು ಕೂರ್ತಾರೆ. ಕಾಣದಿದ್ರೂ ಉಸಿರಲ್ಲೇ ಗೊತ್ತಾಗುತ್ತೆ. ಆಮೇಲೆ ಅವರನ್ನ ಸಮಾಧಾನ ಮಾಡೋದೇ ನನಗೊಂದು ಕೆಲಸ ನೋಡಿ."

"ಗಂಡಸರೇ ಹಂಗೆ," ಅಂದರು ಆ ಹೆಂಗಸು. "ಒಳ್ಳೆಯವರಾ?"

ಅವಳು ಸ್ವಲ್ಪ ಯೋಚಿಸಿದಳು. "ಒಳ್ಳೆಯವರೇ," ಅಂದಳು. "ಕೆಟ್ಟ ಮಾತು ಯಾವತ್ತೂ ಆಡಿದವರಲ್ಲ."

ಡ್ರೈವರು ಉಸಿರು ಹಿಡಿದುಕೊಂಡು ಬಸ್ಸು ಓಡಿಸಿದ. ಹಳ್ಳ ಬಂದಲ್ಲಿ ಗಾಡಿಯನ್ನು ಹತ್ತಿಯ ಮೇಲೆ ಇಳಿಸಿದ ಹಾಗೆ ಇಳಿಸಿದ. ಮೇಲಿನ ಕನ್ನಡಿಯಲ್ಲಿ ಅವಳ ಹಣೆ, ಬೈತಲೆ, ಮಡಿಲಲ್ಲಿ ಒಂದರ ಮೇಲೊಂದು ಇಟ್ಟ ಕೈಗಳು ಕಾಣುತ್ತಿದ್ದವು. ಎಡಗೈ ಹೆಬ್ಬೆರಳಿನಲ್ಲಿ ಸೂಜಿ ಚುಚ್ಚಿದ ಕಲೆಗಳು. ಅವು ಎಷ್ಟು ಹಳೆಯವು, ಎಷ್ಟು ಹೊಸವು ಅನ್ನುವುದು ಅವನಿಗೆ ಗೊತ್ತಿರಲಿಲ್ಲ.

ಆಸ್ಪತ್ರೆಯ ಸ್ಟಾಪು ರಸ್ತೆಯ ಈಚೆ ಬದಿಗೆ, ಗೇಟು ಆಚೆ ಬದಿಗೆ. ಅವಳು ಇಳಿಯುವಾಗ ಅವನ ಸೀಟಿನ ಹಿಂದಿನ ಕಂಬಿ ಹಿಡಿದಳು, ಬೆರಳು ಅವನ ಹೆಗಲಿಗೆ ತಗಲಿತು. "ನಿಧಾನವಾಗಿ ಬಂದ್ರಿ, ಒಳ್ಳೇದಾಗಲಿ," ಅಂದಳು. ಯಾವ ಡ್ರೈವರಿಗಾದರೂ ಹೇಳುವ ಮಾತು. ಅವನು ತಲೆಯಾಡಿಸಿದ.

ಅವಳು ಬಸ್ಸಿನ ಮುಂದಿನಿಂದ ರಸ್ತೆ ದಾಟಬೇಕಿತ್ತು. ಕೆಳಗಿಳಿದು ನಿಂತು, ಮುಖವನ್ನು ಅತ್ತ ಒಮ್ಮೆ ಇತ್ತ ಒಮ್ಮೆ ಪೂರ್ತಿ ತಿರುಗಿಸಿ ನೋಡಿದಳು. ಡ್ರೈವರು ಬಸ್ಸನ್ನು ಕದಲಿಸದೆ, ಕಿಟಕಿಯಿಂದ ಕೈ ಹೊರಗೆ ಚಾಚಿ ಬರುವ ಗಾಡಿಗಳನ್ನೆಲ್ಲ ತಡೆದ. ಹಿಂದೆ ಹಾರ್ನ್‌ಗಳು ಶುರುವಾದವು.

"ಏನ್ರೀ ಡ್ರೈವರ್, ನಿದ್ದೆ ಬಂತಾ?" ಅಂತ ಯಾರೋ ಕೂಗಿದರು.

"ನಮಗೂ ಕೆಲಸ ಇದೆ ಮಾರಾಯ, ಬಿಡು ಗಾಡಿ."

ಅವಳು ಅರ್ಧ ರಸ್ತೆಯಲ್ಲಿ ತಡೆದಳು, ಸದ್ದಿಗೆ ಹೆದರಿರಬೇಕು. ಮತ್ತೆ ಹೆಜ್ಜೆ ಹಾಕಿದಳು. ಆಚೆ ಬದಿಯ ಕಲ್ಲನ್ನು ಪಾದದಿಂದ ಮುಟ್ಟಿ ಗುರುತಿಸಿ, ಮೇಲೆ ಹತ್ತಿ, ಆಸ್ಪತ್ರೆಯ ಗೇಟಿನೊಳಗೆ ಹೋದಳು. ಅಲ್ಲಿಯತನಕ ಅವನ ಕೈ ಹೊರಗೇ ಇತ್ತು.

ಕಂಡಕ್ಟರು ಮುಂದೆ ಬಂದ. "ಯಾರಣ್ಣ ಅವರು? ಗೊತ್ತಿರೋರಾ?"

"ನಮ್ಮನೆಯವಳು."

ಕಂಡಕ್ಟರು ಗೇಟಿನ ಕಡೆ ನೋಡಿದ, ಡ್ರೈವರ ಕಡೆ ನೋಡಿದ. "ಮತ್ತೆ ಒಂದು ಮಾತೂ ಆಡಲಿಲ್ಲವಲ್ಲ ಅಣ್ಣ ನೀವು."

ಡ್ರೈವರು ಗೇರು ಹಾಕಿದ. "ಮುಂದಿನ ಸ್ಟಾಪ್ ಕೂಗು," ಅಂದ.